ಕೊನೆಯ ಸಾಲಿನ ಮಗುವಿಗೂ ಒಂದು ಮಾತು ಕೊಡಿ

ಡಿಸೆಂಬರ್ ಹತ್ತಿರವಾದಂತೆ ನಮ್ಮ ಶಾಲೆಗಳ ಅಂಗಳದಲ್ಲಿ ಶಾಮಿಯಾನದ ಕಂಬಗಳು ಏಳುತ್ತವೆ. ಏಪ್ರಿಲ್ ಬಂದರೆ ಪೇಟೆ ಪಟ್ಟಣಗಳ ಗೋಡೆಗಳ ಮೇಲೆ ಬೇಸಿಗೆ ಶಿಬಿರದ ಬ್ಯಾನರುಗಳು. ನಡುವೆ ಪ್ರತಿಭಾ ಕಾರಂಜಿ, ಛದ್ಮವೇಷ, ಅಭಿನಯ ಗೀತೆ, ರಾಜ್ಯೋತ್ಸವದ ನಾಟಕ. ವರ್ಷದ ಯಾವುದೋ ಒಂದು ಸಂಜೆ ಮಗುವೊಂದು ಮುಖಕ್ಕೆ ಬಣ್ಣ ಹಚ್ಚಿಸಿಕೊಂಡು, ಎದೆ ಡವಡವ ಎನ್ನುತ್ತಿರಲು, ಪರದೆಯ ಹಿಂದೆ ಕಾದು ನಿಂತಿರುತ್ತದೆ. ಆ ಮಗುವಿನ ಸುತ್ತ ಇರುವವರು ನೀವು: ನಾಟಕ ಕಲಿಸುವ ಮೇಷ್ಟ್ರು, ಶಿಬಿರ ನಡೆಸುವ ರಂಗಕರ್ಮಿ, ಸ್ಕೂಲ್ ಡೇಯ ಹೊಣೆ ಹೊತ್ತ ಮಿಸ್ಸು, ಮೊದಲ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದ ಅಪ್ಪ ಅಮ್ಮ. ಈ ಮಾತುಗಳು ನಿಮಗಾಗಿ. ನಿಮ್ಮನ್ನು ಜರೆಯುವ ಮನಸ್ಸು ನನಗಿಲ್ಲ. ಮಕ್ಕಳೆಂದರೆ ನಿಮಗೆ ಅಕ್ಕರೆ ಇದೆಯೆಂದು ನಂಬಿ, ಆ ಅಕ್ಕರೆಯ ಸೆರಗು ಹಿಡಿದು ಬೇಡಿಕೊಳ್ಳುತ್ತಿದ್ದೇನೆ.

ನಿಮಗೆ ಗೊತ್ತು. ಐವತ್ತು ಮಕ್ಕಳನ್ನು ಸೇರಿಸಿದ ನಾಟಕದಲ್ಲಿ ಬಾಯಿ ತೆರೆಯುವ ಭಾಗ್ಯ ನಾಲ್ಕೈದು ಮಕ್ಕಳಿಗೆ, ಆ ನಾಲ್ಕೈದು ಮಕ್ಕಳು ಯಾರೆಂಬುದೂ ಮೊದಲ ತಾಲೀಮಿಗೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಬೆಳ್ಳಗಿರುವ ಹುಡುಗಿ ರಾಣಿ, ಗಂಟಲು ದೊಡ್ಡದಾದ ಹುಡುಗ ರಾಜ, ಕಮಿಟಿಯವರ ಮೊಮ್ಮಗ ಕೃಷ್ಣ; ಕಪ್ಪಗಿರುವವನು ರಾಕ್ಷಸ, ದಪ್ಪಗಿರುವವನು ನಗಿಸುವ ಮಂತ್ರಿ, ಮಿಕ್ಕವರೆಲ್ಲ ಮರ, ಗಿಡ, ಅಲೆ, ಪ್ರಜೆಗಳು. ನಿಮಗೆ ಗೊತ್ತು. ವೇಷದ ಬಾಡಿಗೆ ಕೊಡಲಾಗದ ಮನೆಯ ಮಗು ತಾನಾಗಿ ಬಂದು ‘ನಂಗೆ ನಾಟಕ ಬೇಡ ಮಿಸ್’ ಅನ್ನುತ್ತದೆ, ಯಾಕೆ ಬೇಡವೆಂದು ಎರಡನೆಯ ಸಲ ಯಾರೂ ಕೇಳುವುದಿಲ್ಲ. ನಿಮಗೆ ಗೊತ್ತು. ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡಿ ಪೆನ್‌ಡ್ರೈವಿಗೆ ಹಾಕಿಟ್ಟಿರುತ್ತಾರೆ, ಎಷ್ಟೋ ಸಲ ಅದು ದೊಡ್ಡವರ ದನಿ, ವೇದಿಕೆಯ ಮೇಲಿನ ಮಗು ಬರೀ ತುಟಿ ಆಡಿಸುತ್ತದೆ. ಎಲ್‌ಇಡಿ ಪರದೆ ಝಗಮಗಿಸುತ್ತದೆ, ಹೊಗೆ ಏಳುತ್ತದೆ, ಮುಖ್ಯ ಅತಿಥಿಗಳು ತಲೆದೂಗುತ್ತಾರೆ, ಮರವಾಗಿದ್ದ ಮಗು ಕೈ ಸೋಲುವ ತನಕ ಎತ್ತಿ ಹಿಡಿದು ನಿಂತು, ಕೆಳಗಿಳಿದು, ರಟ್ಟಿನ ಎಲೆಗಳನ್ನು ಬಿಚ್ಚಿಟ್ಟು ಮನೆಗೆ ಹೋಗುತ್ತದೆ. ಆ ಮಗು ಏನೂ ಹೇಳುವುದಿಲ್ಲ.

ಏನೂ ಹೇಳುವುದಿಲ್ಲವಲ್ಲ, ಅದೇ ನನ್ನ ಸಂಕಟ. ಗಣಿತದಲ್ಲಿ ಸೋತ ಮಗುವಿಗೆ ಒಂದು ಅಂಕಪಟ್ಟಿಯಾದರೂ ಉಂಟು, ಅದನ್ನು ನೋಡಿ ಮರುಗುವವರೂ ಉಂಟು. ತಾಲೀಮಿನಲ್ಲಿ ಎಲ್ಲರೆದುರು ‘ನಿನ್ನ ದನಿ ಕೇಳಿಸದಿದ್ದರೇ ಒಳ್ಳೆಯದು, ಸುಮ್ಮನೆ ಬಾಯಿ ಆಡಿಸು’ ಎನ್ನಿಸಿಕೊಂಡ ಮಗುವಿನ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅದು ಬೆಳೆಯುತ್ತದೆ, ಕೆಲಸಕ್ಕೆ ಸೇರುತ್ತದೆ, ಮದುವೆಯಾಗುತ್ತದೆ. ಗ್ರಾಮಸಭೆಯಲ್ಲಿ ತನ್ನ ಬೀದಿಗೆ ನೀರು ಬಂದಿಲ್ಲವೆಂದು ಎದ್ದು ಹೇಳಲು ಹೊರಟಾಗ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ, ತನ್ನದೇ ತೊಟ್ಟಿಲ ಮುಂದೆ ಜೋಗುಳ ಹಾಡಲೂ ಅಂಜುತ್ತದೆ. ಅಂಥ ದೊಡ್ಡವರು ನಿಮ್ಮ ಮನೆಯಲ್ಲೂ ಇರಬಹುದು. ಅವರ ಬಾಯಿ ಕಟ್ಟಿದ್ದು ಯಾವಾಗ, ಎಲ್ಲಿ ಎಂದು ನಾವು ಕೇಳಿಲ್ಲ.

ಟಾಗೋರರ ಗಿಳಿಯ ಕತೆ ನಿಮಗೆ ಗೊತ್ತು. ಆ ಕತೆಯನ್ನು ಆಧರಿಸಿ ಬಿ.ವಿ. ಕಾರಂತರು ಕಟ್ಟಿದ ‘ಪಂಜರ ಶಾಲೆ’ಯನ್ನು ಕನ್ನಡದ ಎಷ್ಟೋ ಮಕ್ಕಳು ಆಡಿದ್ದಾರೆ. ತನ್ನ ಪಾಡಿಗೆ ಹಾಡಿಕೊಂಡು ಕುಣಿದಾಡಿಕೊಂಡಿದ್ದ ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಹಕ್ಕಿಯ ಗಂಟಲಿಗೆ ತುರುಕುತ್ತಾರೆ, ಪಂಜರ ಮಾಡಿದವನಿಗೂ ಕಾವಲು ಕಾದವನಿಗೂ ಇನಾಮು ಸಿಗುತ್ತದೆ, ಹಕ್ಕಿ ಸತ್ತದ್ದು ಯಾವಾಗೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ. ಇಂಥ ನಾಟಕವನ್ನು ಕೈಯಲ್ಲಿ ಸ್ಕೇಲು ಹಿಡಿದು, ಒಂದೊಂದು ಮಾತಿನ ಏರಿಳಿತವನ್ನೂ ಹೀಗೇ ಹೇಳಬೇಕೆಂದು ಬಾಯಿಪಾಠ ಮಾಡಿಸಿ, ಬೆರಳು ಇಷ್ಟೇ ಎತ್ತಬೇಕು, ಕತ್ತು ಇಷ್ಟೇ ತಿರುಗಬೇಕು ಎಂದು ಗದರಿಸಿ ಕಲಿಸಿದರೆ, ಗಿಳಿಯ ಸಾವಿನ ಕತೆಯನ್ನೇ ಮಕ್ಕಳಿಗೆ ಗಿಳಿಪಾಠ ಮಾಡಿಸಿದ ಹಾಗಾಗುವುದಿಲ್ಲವೇ? ಪ್ರದರ್ಶನ ಚೆಂದವೇ ಆಗಬಹುದು. ಪಂಜರವೂ ಚಿನ್ನದ್ದೇ ಆಗಿತ್ತು.

ನಮ್ಮ ನಾಡಿಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲದೆ ಏನಿಲ್ಲ. ಮಂಚಿಯ ಹಳ್ಳಿಗಾಡಿನ ಹುಡುಗನೊಬ್ಬ ಮೂರನೆಯ ತರಗತಿಯಲ್ಲಿದ್ದಾಗ, ಪಿ.ಕೆ. ನಾರಾಯಣ ಎಂಬವರು ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ ಅವನಿಗೆ ಪಾತ್ರ ಸಿಕ್ಕಿತು. ಬಡ ತಾಯಿಯ ಒಬ್ಬನೇ ಮಗ ಕಾಡು ದಾಟಿ ಒಂಟಿಯಾಗಿ ಶಾಲೆಗೆ ಹೋಗುವ ಕತೆ ಅದು. ಅದನ್ನು ಆಡಿದ ಹುಡುಗ ಮುಂದೆ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ, ಕಾಶಿಗೆ ಹೋಗಿ ಓದಿದ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತ, ಅದೇ ಶಾಲೆಯ ನಿರ್ದೇಶಕನಾದ, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ. ಬಿ.ವಿ. ಕಾರಂತರೆಂದು ನಾಡು ಅವನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಮೂರನೆಯ ತರಗತಿಯ ಆ ಪೋರನನ್ನು ಯಾರಾದರೂ ‘ನಿನಗೆ ಬರುವುದಿಲ್ಲ, ಹಿಂದೆ ಹೋಗಿ ನಿಲ್ಲು’ ಎಂದಿದ್ದರೆ? ಎಲ್ಲ ಮಕ್ಕಳೂ ಕಾರಂತರಾಗಬೇಕಿಲ್ಲ, ಆಗುವುದೂ ಇಲ್ಲ. ಆದರೆ ಯಾವ ಮಗು ಏನಾದೀತೆಂದು ಮೊದಲ ದಿನದ ತಾಲೀಮಿನಲ್ಲೇ ಕಂಡುಕೊಳ್ಳುವ ಕಣ್ಣು ನಮ್ಮಲ್ಲಿ ಯಾರಿಗಿದೆ?

ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಆಟ, ಕುಣಿತ, ನಾಟಕಗಳನ್ನು ಓದಿನ ಜೊತೆಗೇ ನಡೆಸಿದರು. ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ಕಟ್ಟಿ ಬೆಂಗಳೂರಿನ ಮಕ್ಕಳಿಗೆ ರಂಗದ ಬಾಗಿಲು ತೆರೆದರು. ವೈದೇಹಿಯವರು ‘ನಾಯಿಮರಿ ನಾಟಕ’, ‘ಧಾಂ ಧೂಂ ಸುಂಟರಗಾಳಿ’ಗಳಂಥ ನಾಟಕಗಳನ್ನು ಮಕ್ಕಳಿಗೆಂದೇ ಬರೆದುಕೊಟ್ಟರು. ರಂಗಾಯಣದ ಅಂಗಳದಲ್ಲಿ ಬೇಸಿಗೆ ಬಂದರೆ ಚಿಣ್ಣರ ಮೇಳ ನೆರೆಯುತ್ತದೆ, ರಂಗಶಂಕರ ತನ್ನ ‘ಆಹಾ!’ ಕಾರ್ಯಕ್ರಮದಲ್ಲಿ ಮಕ್ಕಳ ನಾಟಕಗಳಿಗೇ ಜಾಗ ಮಾಡಿಕೊಟ್ಟಿದೆ, ಹೆಗ್ಗೋಡಿನ ನೀನಾಸಂನಿಂದ ಕಲಿತು ಹೊರಟವರು ಊರೂರಿನ ಮಕ್ಕಳೊಡನೆ ಕೂತು ಆಡುತ್ತಾರೆ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕದ ಮೇಷ್ಟ್ರುಗಳಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಹರಿದ ಗೋಣಿಚೀಲ, ಬಿದಿರು, ಅಡಿಕೆ ಹಾಳೆಗಳಲ್ಲೇ ಒಂದು ಲೋಕ ಮಾಡಿಕೊಡುತ್ತಾರೆ. ಹೀಗಿರುವಾಗ, ಇಷ್ಟೆಲ್ಲ ಉಂಡು ಬೆಳೆದ ನಾಡಿನಲ್ಲಿ, ಮಕ್ಕಳ ನಾಟಕವೆಂದರೆ ದೊಡ್ಡವರ ಕಣ್ಣಿಗೆ ಹಬ್ಬ ಎಂದಷ್ಟೇ ಆಗಿಬಿಟ್ಟರೆ ಆ ಸೊತ್ತಿಗೆ ನಾವು ವಾರಸುದಾರರು ಹೇಗಾದೇವು?

ದೂರದ ಒಂದು ಊರಿನ ಕತೆ ಹೇಳಲೇಬೇಕು. 1918ರಲ್ಲಿ ರಷ್ಯಾದ ಓರ್ಯೋಲ್ ಎಂಬ ಊರಿಗೆ ಆಸ್ಯಾ ಲಾಟ್ಸಿಸ್ ಎಂಬ ಲಾಟ್ವಿಯಾದ ರಂಗನಿರ್ದೇಶಕಿ ಬಂದರು. ಯುದ್ಧ, ಕ್ರಾಂತಿಗಳಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳು ಅಲ್ಲಿನ ಅನಾಥಾಲಯಗಳಲ್ಲಿದ್ದರು. ಇನ್ನೂ ಎಷ್ಟೋ ಮಕ್ಕಳು ಗುಂಪು ಕಟ್ಟಿಕೊಂಡು, ಕಳ್ಳತನ ಮಾಡಿಕೊಂಡು ಬೀದಿಯಲ್ಲೇ ಇದ್ದರು. ಲಾಟ್ಸಿಸ್ ಆ ಮಕ್ಕಳ ಕೈಗೆ ನಾಟಕದ ಪ್ರತಿ ಕೊಡಲಿಲ್ಲ. ಚಿತ್ರ ಬರೆಸಿದರು, ಹಾಡಿಸಿದರು, ಸುತ್ತಲ ಲೋಕವನ್ನು ಕಣ್ಣು ತೆರೆದು ನೋಡಲು ಬಿಟ್ಟರು. ಒಂದು ದಿನ ಕಳ್ಳರ ದೃಶ್ಯ ಕಟ್ಟುತ್ತಿದ್ದಾಗ ಬೀದಿಯ ಹುಡುಗರು ನುಗ್ಗಿ ಬಂದು, ಕಳ್ಳರು ಹೀಗಿರುವುದಿಲ್ಲ ಎಂದು ತಾವೇ ಆಡಿ ತೋರಿಸಿದರಂತೆ. ಅವರನ್ನು ಹೊರದಬ್ಬುವುದು ಸುಲಭವಿತ್ತು. ಲಾಟ್ಸಿಸ್ ಆ ಹುಡುಗರಿಗೆ ಆಡಲು ಬಿಟ್ಟರು. ಬದುಕಿನಲ್ಲಿ ಕಳ್ಳರೆನ್ನಿಸಿಕೊಂಡು ಏಟು ತಿನ್ನುತ್ತಿದ್ದವರಿಗೆ ರಂಗದ ಮೇಲೆ ಬಲ್ಲವರ ಸ್ಥಾನ ಸಿಕ್ಕಿತು. ಹತ್ತು ವರ್ಷಗಳ ನಂತರ ಅವರ ಗೆಳೆಯ, ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ ಈ ಪ್ರಯೋಗವನ್ನು ನೆಚ್ಚಿಕೊಂಡು ಮಕ್ಕಳ ರಂಗಭೂಮಿಯ ಬಗ್ಗೆ ಒಂದು ಬರಹ ಬರೆದ. ಮಕ್ಕಳಿಗೆ ನಾಟಕದ ನಿಜವಾದ ಫಲ ಅದರ ಕಟ್ಟೋಣದಲ್ಲಿದೆ, ಪ್ರದರ್ಶನ ಆ ದಾರಿಯಲ್ಲಿ ತಾನಾಗಿ ಒದಗುವಂಥದ್ದು ಎಂಬುದು ಅದರ ತಿರುಳು.

ಅಮೆರಿಕದ ಷಿಕಾಗೋದಲ್ಲಿ ವಲಸೆ ಬಂದ ಕುಟುಂಬಗಳ ಮಕ್ಕಳೊಡನೆ ದುಡಿದ ವಯೋಲಾ ಸ್ಪೋಲಿನ್ ಕೂಡ ಇಂಥದ್ದೇ ದಾರಿ ಹಿಡಿದವರು. ಬೇರೆ ಬೇರೆ ಮನೆಮಾತಿನ ಮಕ್ಕಳಿಗೆ ಅವರು ಆಟಗಳನ್ನು ಕೊಟ್ಟರು. ಇಂದು ಜಗತ್ತಿನ ಹಲವು ಶಿಬಿರಗಳಲ್ಲಿ ಕಾಣುವ ರಂಗ ಆಟಗಳಲ್ಲಿ ಎಷ್ಟೋ ಅವರಿಂದ ಬಂದವು. 1963ರಲ್ಲಿ ಬಂದ ಅವರ ಪುಸ್ತಕ ಕಲಿಸುವವರಿಗೆ ಒಂದು ಕಠಿಣ ವ್ರತ ಹೇಳುತ್ತದೆ: ಮಗುವನ್ನು ಹೀಗಳೆಯಬಾರದು, ಅತಿಯಾಗಿ ಹೊಗಳಲೂಬಾರದು, ಏಕೆಂದರೆ ಹೊಗಳಿಕೆ ತೆಗಳಿಕೆಗಳ ದಾರಿ ಕಾಯುವ ಮಗು ಆಡುವುದನ್ನು ಬಿಟ್ಟು ಗುರುವಿನ ಮುಖವನ್ನೇ ನೋಡತೊಡಗುತ್ತದೆ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲುಗಿಸಿ ನೋಡಿದರೆ ಮೊಸರಾಗುವುದಿಲ್ಲವೆಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು.

ಬೇರೆ ಮನೆಮಾತಿನ ಮಕ್ಕಳೆಂದಾಗ ನೀವು ಷಿಕಾಗೋದ ಕಡೆ ನೋಡಬೇಕಿಲ್ಲ, ನಿಮ್ಮ ತಾಲೀಮಿನ ಕೋಣೆಯನ್ನೇ ನೋಡಿ. ಅಲ್ಲೊಂದು ಮಗು ತಾಂಡಾದಿಂದ ಬಂದು ಮನೆಯಲ್ಲಿ ಲಂಬಾಣಿ ಆಡುತ್ತದೆ, ಒಂದು ಮಗು ತುಳು, ಒಂದು ಬ್ಯಾರಿ, ಒಂದು ಉರ್ದು. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಗುಳೆ ಬಂದು ಬೆಂಗಳೂರಿನ ಕಟ್ಟಡದ ಕೆಲಸದವರ ಶೆಡ್ಡಿನಲ್ಲಿ ಉಳಿದ ಮಗು ‘ಹೌದ್ರಿ, ಬರ್ತೀನ್ರಿ’ ಅಂದರೆ ಉಳಿದ ಮಕ್ಕಳು ಕಿಸಕ್ಕೆಂದು ನಗುತ್ತಾರೆ. ಆ ನಗುವನ್ನು ತಡೆಯಬೇಕಾದ ನೀವೂ ಒಂದು ಕ್ಷಣ ನಕ್ಕುಬಿಡುತ್ತೀರಿ, ಆಮೇಲೆ ‘ಶುದ್ಧವಾಗಿ ಹೇಳು’ ಅನ್ನುತ್ತೀರಿ. ಅವ್ವ ಕಲಿಸಿದ ಮಾತನ್ನು ಅಶುದ್ಧವೆಂದು ಕೇಳಿಸಿಕೊಂಡ ಮಗು ಮರುದಿನ ತಾಲೀಮಿಗೆ ಬರುವುದಿಲ್ಲ. ಬಂದರೂ ಬಾಯಿ ಬಿಡುವುದಿಲ್ಲ. ಉತ್ತರ ಕರ್ನಾಟಕದ ಮಾತಿನ ಕಸುವಿನಿಂದಲೇ ಕಂಬಾರರ ನಾಟಕಗಳು ಎದ್ದು ನಿಂತವೆಂದು ನಿಮಗೆ ಗೊತ್ತು. ದೊಡ್ಡವರ ರಂಗದಲ್ಲಿ ನಾವು ಎದ್ದು ನಿಂತು ಚಪ್ಪಾಳೆ ತಟ್ಟುವ ಮಾತೇ ಮಗುವಿನ ಬಾಯಲ್ಲಿ ಬಂದರೆ ತಪ್ಪಾಗುವುದು ಹೇಗೆ? ಆ ಮಗು ಏನೂ ಹೇಳುವುದಿಲ್ಲ.

ಇನ್ನೊಂದು ಮಾತು, ಹೇಳಲು ಗಂಟಲು ಕಟ್ಟುವ ಮಾತು. ದೃಶ್ಯದಲ್ಲಿ ಅಳು ಬರಲೆಂದು ‘ನಿಮ್ಮಮ್ಮ ಸತ್ತುಹೋದಳು ಅಂದುಕೋ’ ಎಂದು ಹತ್ತು ವರ್ಷದ ಮಗುವಿಗೆ ಹೇಳುವವರಿದ್ದಾರೆ. ಅಳು ಬರುತ್ತದೆ, ನೋಡುವವರು ಬೆರಗಾಗುತ್ತಾರೆ, ತಾಲೀಮು ಮುಗಿದು ದೀಪ ಆರುತ್ತದೆ. ಆ ಮಗು ರಾತ್ರಿ ಅಮ್ಮನ ಸೆರಗು ಬಿಡದೆ ಮಲಗುತ್ತದೆ, ಯಾಕೆಂದು ಅಮ್ಮನಿಗೂ ತಿಳಿಯುವುದಿಲ್ಲ. ದೊಡ್ಡ ನಟರಿಗೆ ಪಾತ್ರದೊಳಗೆ ಹೋಗುವ ದಾರಿಯೂ ಗೊತ್ತು, ಹೊರಗೆ ಬರುವ ದಾರಿಯೂ ಗೊತ್ತು. ಮಗುವನ್ನು ಒಳಗೆ ತಳ್ಳಿ ಬಾಗಿಲು ಹಾಕಿಕೊಂಡು ಬರಬೇಡಿ. ಭಂಗಿ ತಿದ್ದುವ ನೆಪದಲ್ಲಿ ಮೈಮುಟ್ಟುವ ಕೈಗಳ ಬಗ್ಗೆಯೂ ನಿಮಗೆ ಗೊತ್ತು. ಹುಡುಗಿಯರಿಗೆ ಬಟ್ಟೆ ಬದಲಿಸಲು ಮರೆ ಇಲ್ಲದ ಗ್ರೀನ್ ರೂಮುಗಳ ಬಗ್ಗೆ, ರಾತ್ರಿ ಎಂಟು ಒಂಬತ್ತರ ತನಕ ಎಳೆದ ತಾಲೀಮುಗಳ ಬಗ್ಗೆ, ಯಾರ ಬೈಕಿನ ಹಿಂದೆ ಯಾವ ಮಗು ಮನೆಗೆ ಹೋಯಿತೆಂದು ಬರೆದಿಡದ ಶಿಬಿರಗಳ ಬಗ್ಗೆ ನಿಮಗೆ ಗೊತ್ತು. ‘ಅವರು ದೊಡ್ಡ ಕಲಾವಿದರು’ ಎಂಬ ಮಾತಿನ ಮುಂದೆ ನಿಮ್ಮ ಅನುಮಾನ ಬಾಲ ಮುದುರಿಕೊಂಡಿದ್ದೂ ಉಂಟು. ಯಾವ ಕಲೆಯೂ ಒಂದು ಮಗುವಿನ ಭಯಕ್ಕಿಂತ ದೊಡ್ಡದಲ್ಲ.

ಕಾನೂನು ಇದನ್ನೆಲ್ಲ ಎಂದೋ ಹೇಳಿಬಿಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಮಗುವಿನ ಮೈಗೂ ಮನಸ್ಸಿಗೂ ಪೆಟ್ಟು ಕೊಡುವುದನ್ನು ನಿಷೇಧಿಸಿದೆ. 2012ರ ಪೋಕ್ಸೊ ಕಾಯ್ದೆ ಮಕ್ಕಳ ಮೈಮೇಲಿನ ಹಕ್ಕು ಮಕ್ಕಳದೇ ಎಂದು ಕಾವಲು ನಿಂತಿದೆ. ಸಿನಿಮಾ, ಟೀವಿಗಳಲ್ಲಿ ದುಡಿಯುವ ಬಾಲ ಕಲಾವಿದರಿಗಾಗಿ 2017ರಲ್ಲಿ ಬಂದ ನಿಯಮಗಳು, ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸಬಾರದು, ಬಿಡುವಿಲ್ಲದೆ 3 ಗಂಟೆ ಮೀರಬಾರದು, ಮಗುವಿನ ಇಚ್ಛೆಗೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಲೇಬಾರದು ಎನ್ನುತ್ತವೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಗಳ ಜೊತೆ ನಾಟಕವನ್ನೂ ಹತ್ತನೆಯ ತರಗತಿಯವರೆಗೆ ಕಲಿಕೆಯ ಅಂಗವಾಗಿಸಿ ಎಂದಿತು. ಅಕ್ಷರಗಳು ತಮ್ಮ ಕೆಲಸ ಮಾಡಿವೆ. ಆದರೆ ಸಂಜೆ ಐದಕ್ಕೆ ಶಾಲೆಯ ಸಭಾಂಗಣದ ಬಾಗಿಲು ಮುಚ್ಚಿಕೊಂಡು ತಾಲೀಮು ಶುರುವಾದ ಮೇಲೆ ಒಳಗೆ ಯಾವ ಕಾಯ್ದೆಯೂ ಇರುವುದಿಲ್ಲ, ನೀವಿರುತ್ತೀರಿ, ಮಕ್ಕಳಿರುತ್ತಾರೆ.

ನಿಮ್ಮ ಕಷ್ಟ ತಿಳಿಯದೆ ಹೀಗೆ ಹೇಳುತ್ತಿಲ್ಲ. ಹದಿನೈದು ದಿನದಲ್ಲಿ ನಾಟಕ ಎಬ್ಬಿಸಬೇಕೆಂದು ಹೆಡ್‌ಮಾಸ್ಟರು ಹೇಳುತ್ತಾರೆ. ವಿಜ್ಞಾನದ ಪಾಠ, ಬಿಸಿಯೂಟದ ಲೆಕ್ಕ, ಜನಗಣತಿಯ ಸುತ್ತಾಟದ ನಡುವೆ ನಾಟಕವೂ ನಿಮ್ಮ ತಲೆಗೇ ಬರುತ್ತದೆ. ಶಿಬಿರದಿಂದ ಶಿಬಿರಕ್ಕೆ ಸಿಗುವ ಸಂಭಾವನೆಯಲ್ಲಿ ವರ್ಷ ದೂಡುವ ರಂಗಕರ್ಮಿಗೆ, ಕೊನೆಯ ದಿನ ಪೋಷಕರು ಮೆಚ್ಚದಿದ್ದರೆ ಮುಂದಿನ ಬೇಸಿಗೆಗೆ ಕರೆ ಬರುವುದಿಲ್ಲ. ಪೋಷಕರೋ, ದುಡಿದು ದಣಿದು ಬಂದು, ತಮಗೆ ಸಿಗದ ವೇದಿಕೆ ಮಗುವಿಗಾದರೂ ಸಿಗಲೆಂದು ಆಸೆಪಡುವವರು; ಟೀವಿಯ ರಿಯಾಲಿಟಿ ಶೋಗಳಲ್ಲಿ ಪುಟ್ಟ ಮಕ್ಕಳು ದೊಡ್ಡವರ ಸಂಭಾಷಣೆಯನ್ನು ಪಟಪಟ ಒಪ್ಪಿಸಿ ಸೈ ಎನ್ನಿಸಿಕೊಳ್ಳುವಾಗ, ನನ್ನ ಮಗು ಯಾಕೆ ಹಾಗೆ ಮಾಡುವುದಿಲ್ಲವೆಂದು ಒಳಗೊಳಗೇ ಕೊರಗುವವರು. ಇದರಲ್ಲಿ ಯಾರೂ ಕೆಟ್ಟವರಿಲ್ಲ. ಆದರೆ ಒಳ್ಳೆಯವರೆಲ್ಲ ಸೇರಿಯೂ ಒಂದು ಮಗುವನ್ನು ಮೂಕವಾಗಿಸಬಹುದು. ನಮ್ಮ ಕಷ್ಟಗಳಿಗೆಲ್ಲ ಬಾಯಿದೆ, ಸಭೆಯಿದೆ, ಸಂಘವಿದೆ. ಕೊನೆಯ ಸಾಲಿನ ಮಗುವಿಗೆ ಇರುವುದು ನಿಮ್ಮ ಮನಸ್ಸೊಂದೇ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಪಾತ್ರ ಹಂಚುವ ಮುನ್ನ ಕೆಲವು ದಿನ ಬರೀ ಆಡಲು ಕೊಡಿ. ವೃತ್ತದಲ್ಲಿ ಕೂರಿಸಿ, ಎಲ್ಲ ಪಾತ್ರಗಳನ್ನೂ ಎಲ್ಲರಿಂದಲೂ ಓದಿಸಿ, ರಾಣಿಯಾಗುವ ಆಸೆ ಕಪ್ಪು ಹುಡುಗಿಗೂ ಇದೆಯೇ ಎಂದು ಕೇಳಿ ನೋಡಿ. ಮೇಳಕ್ಕೆ ನಾಟಕದ ಬೆನ್ನೆಲುಬಾಗುವ ಕೆಲಸ ಕೊಡಿ. ಮರವೇ ಆಗಬೇಕಿದ್ದರೆ ಆ ಮರ ಕತೆ ಹೇಳುವ ಮರವಾಗಲಿ. ತೊದಲುವ ಮಗುವಿಗೆ ಹಾಡು ಕೊಡಿ, ಗಾಲಿಕುರ್ಚಿಯ ಮಗುವಿಗೆ ರಂಗದ ನಡುವೆ ಜಾಗ ಕೊಡಿ, ನಾಚುವ ಮಗುವಿಗೆ ತಮಟೆ ಕೊಡಿ, ಮನೆಮಾತಿನಲ್ಲೇ ನಗುವ ಮಗುವಿಗೆ ಆ ಮನೆಮಾತಿನಲ್ಲೇ ಒಂದು ಮಾತು ಕೊಡಿ. ಪೆನ್‌ಡ್ರೈವನ್ನು ಜೇಬಲ್ಲಿಟ್ಟುಕೊಂಡು ಮಗುವಿನ ಗಂಟಲನ್ನು ನಂಬಿ. ಅದು ಒಡೆದರೂ, ಹಿಂದಿನ ಸಾಲಿಗೆ ಕೇಳಿಸದಿದ್ದರೂ, ಅದು ಆ ಮಗುವಿನದೇ ದನಿ. ಬಾಡಿಗೆ ವೇಷಕ್ಕೆ ಬದಲು ಅಮ್ಮನ ಹಳೆಯ ಸೀರೆ, ಅಪ್ಪನ ಟವಲು ಸಾಕೆನ್ನಿ, ಹಣವಿಲ್ಲದ ಕಾರಣಕ್ಕೆ ಒಂದು ಮಗುವೂ ಪರದೆಯಾಚೆ ಉಳಿಯದಂತೆ ನೋಡಿಕೊಳ್ಳಿ. ಮುಟ್ಟುವ ಮುನ್ನ ಕೇಳಿ. ಬೇಡವೆಂದರೆ ಬಿಟ್ಟುಬಿಡಿ. ಅಳಿಸಿದ ದಿನ ನಗಿಸಿಯೇ ಮನೆಗೆ ಕಳಿಸಿ.

ತಾಯಂದಿರೇ, ತಂದೆಯರೇ, ಮಗು ತಾಲೀಮಿನಿಂದ ಬಂದಾಗ ‘ಯಾವ ಪಾರ್ಟು ಸಿಕ್ತು?’ ಎಂದು ಕೇಳುವ ಬದಲು ‘ಇವತ್ತು ಏನಾಟ ಆಡಿದ್ರಿ?’ ಎಂದು ಕೇಳಿ. ಪ್ರದರ್ಶನದ ಸಂಜೆ ನಿಮ್ಮ ಮಗುವಿನ ದೃಶ್ಯ ಮುಗಿಯುತ್ತಲೇ ಎದ್ದು ಹೋಗಬೇಡಿ, ಬೇರೆಯವರ ಮಕ್ಕಳೂ ನಿಮಗಾಗಿಯೇ ಆಡುತ್ತಿರುತ್ತಾರೆ. ಶಾಲೆಯ ಸಭೆಯಲ್ಲಿ ಎಲ್‌ಇಡಿ ಪರದೆಯ ಖರ್ಚಿನ ಮಾತು ಬಂದಾಗ, ಆ ಹಣದಲ್ಲಿ ವರ್ಷಕ್ಕೊಬ್ಬ ನಾಟಕದ ಮೇಷ್ಟ್ರನ್ನು ಕರೆಸಬಹುದೇ ಎಂದು ನೀವೇ ಎದ್ದು ಕೇಳಿ. ನಿಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಗೆ ನಾಟಕದ ಮೇಷ್ಟ್ರು ಏಕಿಲ್ಲವೆಂದು ನಿಮ್ಮ ಶಾಸಕರನ್ನು ಕೇಳಿ. ಆ ಮಗು ಏನೂ ಹೇಳುವುದಿಲ್ಲ. ಅದರ ಪರವಾಗಿ ಹೇಳಬೇಕಾದವರು ನೀವು.

ಈ ವರ್ಷದ ನಾಟಕದ ಪಾತ್ರಗಳ ಪಟ್ಟಿ ಈಗ ನಿಮ್ಮ ಮೇಜಿನ ಮೇಲೇ ಇರಬಹುದು. ಅದನ್ನು ಇನ್ನೊಮ್ಮೆ ತೆಗೆದು ನೋಡಿ. ಹೆಸರಿಲ್ಲದೆ ‘ಗುಂಪು’ ಎಂದು ಬರೆದ ಕಡೆ ಪ್ರತಿ ಮಗುವಿನ ಹೆಸರನ್ನೂ ಬರೆಯಿರಿ, ಪ್ರತಿ ಹೆಸರಿನ ಮುಂದೆ ಆ ಮಗು ತನ್ನ ಬಾಯಾರೆ ಆಡುವ ಒಂದು ಮಾತನ್ನಾದರೂ ಬರೆಯಿರಿ. ನಾಟಕ ಹತ್ತು ನಿಮಿಷ ಉದ್ದವಾದೀತು, ಮುಖ್ಯ ಅತಿಥಿಗಳ ಊಟ ತಡವಾದೀತು. ಆಗಲಿ ಬಿಡಿ, ಅವರು ದೊಡ್ಡವರು, ಕಾಯಬಲ್ಲರು. ಬಾಲ್ಯ ಕಾಯುವುದಿಲ್ಲ.